ಜನರ ದುಡ್ಡಲ್ಲಿ ಗೇಮ್ ಮಾಡೋದು: ಶುರು ಮಾಡೋಕೆ ಕೇಳ್ಬೇಕಾ, ಮುಗಿಸೋಕೆ ಕೇಳ್ಬೇಕಾ?

ಕೊಥ್ರೂಡ್_ಪಿಕ್ಸೆಲ್ (ಪುಣೆ)

ಎಲ್ರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಗೇಮ್ ಆರ್ಟಿಸ್ಟು, ಹಗಲು ಬೇರೆ ದೇಶದವರ ಗೇಮಿಗೆ ಕಲ್ಲು, ಮರ, ಬಿಲ್ಡಿಂಗ್ ಮಾಡ್ಕೊಡೋ ಔಟ್‌ಸೋರ್ಸಿಂಗ್ ಕೆಲಸ, ರಾತ್ರಿ ಮತ್ತೆ ಶನಿವಾರ ಭಾನುವಾರ ನಮ್ದೇ ಗೇಮು. ಐದು ಜನ ಇದೀವಿ. ಕಥೆ 1950ರ ದಶಕದ ಮುಂಬೈದು, ಊರು ಬಿಟ್ಟು ಬಂದ ಹುಡುಗ ಹಗಲು ಫೋರ್ಟಲ್ಲಿ ಉಡುಪಿ ಹೋಟೆಲ್ ಟೇಬಲ್ ಒರೆಸ್ತಾನೆ, ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗ್ತಾನೆ. ಮಾತೆಲ್ಲ ಕನ್ನಡ, ಮಧ್ಯೆ ಮಧ್ಯೆ ತುಳು, ಮರಾಠಿ.

ಈಗ ನಮ್ಮ ಟೀಮಲ್ಲಿ ಇಬ್ರು ಕ್ರೌಡ್‌ಫಂಡಿಂಗ್, ಅಂದ್ರೆ ಆನ್‌ಲೈನಲ್ಲಿ ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ದುಡ್ಡು ಎತ್ತೋದು, ಮಾಡೋಣ, ದುಡ್ಡು ಬಂದ್ರೆ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಕೂರೋಣ ಅಂತಿದಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಜನರ ದುಡ್ಡು ಆಟ ಮುಗಿಸೋಕೆ ತಗೋಬೇಕು, ಶುರು ಮಾಡೋಕಲ್ಲ. ಯಾಕಂದ್ರೆ ಶುರುವಲ್ಲಿ ನಮಗೇ ಗೊತ್ತಿರಲ್ಲ ಆಟ ಎಷ್ಟು ದೊಡ್ಡದು, ಎಷ್ಟು ದುಡ್ಡು ಬೇಕು, ಎಷ್ಟು ವರ್ಷ ಹಿಡಿಯುತ್ತೆ ಅಂತ. ಗೊತ್ತಿಲ್ದೇ ಇರೋದಕ್ಕೆ ಜನರ ಹತ್ರ ಮಾತು ಕೊಟ್ಟು ದುಡ್ಡು ತಗೊಳ್ಳೋದು ನನಗೆ ಸರಿ ಅನ್ಸಲ್ಲ. ನೀವೆಲ್ಲ ಏನಂತೀರಾ, ಮುಖ್ಯವಾಗಿ ಇಂಥ ಗೇಮುಗಳಿಗೆ ದುಡ್ಡು ಹಾಕಿದವರು ಇದ್ರೆ ಹೇಳಿ.

ಡೊಂಬಿವಲಿ_ಲೋಕಲ್

ನಾನು ದುಡ್ಡು ಹಾಕಿದವ ಮಾರಾಯ್ರೆ, ಒಂದೆರಡಕ್ಕಲ್ಲ. ಒಳ್ಳೆದು ಮೊದ್ಲು ಹೇಳ್ತೇನೆ. ಪಬ್ಲಿಷರ್, ಅಂದ್ರೆ ಆಟಕ್ಕೆ ದುಡ್ಡು ಹಾಕಿ ಮಾರುವ ಕಂಪನಿ, ಯಾರೂ ಮುಟ್ಟದ ಆಟಗಳು ಬಂದದ್ದು ಇದ್ರಿಂದ್ಲೇ. 2012ರಲ್ಲಿ ಹಳೆ ಅಡ್ವೆಂಚರ್ ಆಟಗಳಿಗೆ ಹೆಸರಾದ ಟಿಮ್ ಶೇಫರ್ ಅವರ ಡಬಲ್ ಫೈನ್ ಕಂಪನಿ, ಜನರಿಂದ ದುಡ್ಡು ಎತ್ತುವ ವೆಬ್‌ಸೈಟ್ ಕಿಕ್‌ಸ್ಟಾರ್ಟರಲ್ಲಿ 4 ಲಕ್ಷ ಡಾಲರ್ ಕೇಳಿತು, ಬಂದದ್ದು 33 ಲಕ್ಷ, 87 ಸಾವಿರ ಜನ ಕೊಟ್ರು. ಮೌಸ್ ಒತ್ತಿ ಕಥೆ ಮುಂದೆ ಸಾಗಿಸುವ ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಅಂದ್ರೆ ಆಗ ಯಾವ ಪಬ್ಲಿಷರೂ ಕಣ್ಣೆತ್ತಿ ನೋಡ್ತಿರ್ಲಿಲ್ಲ. ಅದೇ ವರ್ಷ ಎಫ್‌ಟಿಎಲ್ ಅಂತ ಸಣ್ಣ ಆಟ, 10 ಸಾವಿರ ಕೇಳಿ 2 ಲಕ್ಷ ಪಡ್ಕೊಂಡು ಸೆಪ್ಟೆಂಬರಿಗೆ ರಿಲೀಸೇ ಮಾಡಿಬಿಟ್ರು. ಅಂಡರ್‌ಟೇಲ್ 2013ರಲ್ಲಿ ಕೇಳಿದ್ದು 5 ಸಾವಿರ, ಬಂದದ್ದು 51 ಸಾವಿರ, ಆಟ 2015ಕ್ಕೆ ಬಂತು, ಹೆಸರು ಈಗ ಪ್ರಪಂಚಕ್ಕೆಲ್ಲ ಗೊತ್ತುಂಟು.

ಆದ್ರೆ ಪಿಕ್ಸೆಲ್ ಅವ್ರು ಹೇಳಿದ್ದು ನನಗೂ ಸರಿ ಕಾಣ್ತದೆ, ಎಫ್‌ಟಿಎಲ್ ಅಂಡರ್‌ಟೇಲ್ ಎರಡಕ್ಕೂ ದುಡ್ಡು ಕೇಳುವಾಗ ಆಡಿ ತೋರಿಸ್ಲಿಕ್ಕೆ ಆಟ ಇತ್ತು. ಡಬಲ್ ಫೈನ್ ಹತ್ರ ಶೇಫರ್ ಅವ್ರ ಹೆಸರು ಮಾತ್ರ ಇತ್ತು, ಆಟ ಏನು ಅಂತ ಅವ್ರಿಗೂ ಆಗ ಗೊತ್ತಿರ್ಲಿಲ್ಲ. ದುಡ್ಡು ಎಂಟು ಪಟ್ಟು ಜಾಸ್ತಿ ಬಂದ ಕೂಡ್ಲೆ ಆಟವೂ ದೊಡ್ಡದಾಯ್ತು, ಆಮೇಲೆ ಆ ದುಡ್ಡೂ ಸಾಕಾಗ್ಲಿಲ್ಲ, ಬ್ರೋಕನ್ ಏಜ್ ಅಂತ ಎರಡು ತುಂಡು ಮಾಡಿ 2014ಕ್ಕೆ ಅರ್ಧ, 2015ಕ್ಕೆ ಇನ್ನರ್ಧ ಕೊಟ್ರು. ಆದ್ರೂ ಅವ್ರ ಮೇಲೆ ನನಗೆ ಗೌರವ ಉಂಟು, ಒಳಗಿನ ಕಷ್ಟ ಎಲ್ಲ ಡಾಕ್ಯುಮೆಂಟರಿ ಮಾಡಿ ದುಡ್ಡು ಹಾಕಿದವ್ರಿಗೆ ತೋರಿಸಿದ್ರು, ಏನೂ ಮುಚ್ಚಿಡ್ಲಿಲ್ಲ.

ಹಡಪ್ಸರ್_ಕೋಡ್

ನಾ ಪಿಕ್ಸೆಲ್ ಟೀಮಿನಾಂವ ಅಲ್ರೀ, ಬ್ಯಾರೆ ಕಂಪನ್ಯಾಗ ಪ್ರೋಗ್ರಾಮರ್ ಅದೀನಿ, ಊರು ಬಾಗಲಕೋಟಿ. ಅಂದಾಜು ಯಾಕ ತಪ್ಪತೈತಿ ಅನ್ನೋದಕ್ಕ ಒಂದ್ ಸಣ್ಣ ವಿಷಯ ಹೇಳ್ತೀನಿ ನೋಡ್ರಿ. ಕನ್ನಡದಾಗ ಆಟ ಮಾಡ್ತೀವಿ ಅಂತೀರಲ್ಲ, ಆಟ ಕಟ್ಟೋ ಸಾಫ್ಟ್‌ವೇರ್, ಅಂದ್ರ ಎಂಜಿನ್, ಯುನಿಟಿಯೊಳಗ ಟೆಕ್ಸ್ಟ್ ತೋರ್ಸಾಕ ಎಲ್ಲಾರೂ ಬಳಸೋದು ಟೆಕ್ಸ್ಟ್‌ಮೆಶ್ ಪ್ರೋ, ಅದರಾಗ ಕನ್ನಡ ಹಾಕಿದ್ರ ಒತ್ತಕ್ಷರ ಎಲ್ಲಾ ಒಡೀತಾವ, ಕ್ಷ ಹೋಗಿ ಕ, ಷ ಬ್ಯಾರೆ ಬ್ಯಾರೆ ಆಗಿ ನಡುವ ಹಲಂತ ನಿಂದರತೈತಿ. ಅದು ಅಕ್ಷರ ಜೋಡಿಸೋ ಕೆಲಸ ತಾನ ಮಾಡಂಗಿಲ್ಲ. ಗೋಡೋ 4 ಅನ್ನೋ ಇನ್ನೊಂದು ಎಂಜಿನ್ನಾಗ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಒಳಗ ಬಂದೈತಿ, ಅಲ್ಲೆ ಕನ್ನಡ ಸರಿ ಕಾಣ್ತತಿ, ಆದ್ರ ಅಷ್ಟೊತ್ತಿಗೆ ನೀವು ಯುನಿಟಿಯೊಳಗ ಅರ್ಧ ಆಟ ಮಾಡಿ ಕುಂತಿರ್ತೀರಿ. ಎಂಜಿನ್ ಬದಲಿ ಮಾಡ್ಬೇಕು, ಇಲ್ಲಾ ಪ್ಲಗಿನ್ ಹುಡುಕ್ಬೇಕು, ಇಲ್ಲಾ ಮಾತೆಲ್ಲಾ ಚಿತ್ರ ಮಾಡಿ ಹಾಕ್ಬೇಕು, ಯಾವ್ದ್ ಮಾಡಿದ್ರೂ ತಿಂಗಳುಗಟ್ಲೆ ಹೊತ್ತು ಹೋಗ್ತತಿ. ಇಂಗ್ಲಿಷ್ ಆಟದ ಬಜೆಟ್ ನೋಡಿ ಅಂದಾಜು ಹಾಕಿದ್ರ ಇದು ಅದರಾಗ ಇರೂದೇ ಇಲ್ಲ. ಇಂಥಾವು ಹತ್ತು ಇರ್ತಾವ, ಕೈ ಹಾಕೂತನಾ ಒಂದೂ ಕಾಣಂಗಿಲ್ಲ.

ಹಿಂಗಾಗಿ ಶುರುವಿಗೆ ದುಡ್ಡು ಕೇಳಬ್ಯಾಡ್ರಿ ಅನ್ನೋದಕ್ಕ ನಂದೂ ಒಪ್ಪಿಗಿ ಐತಿ.

ಠಾಣೆ_ಸ್ಟೂಡೆಂಟ್

ಕ್ಷಮಿಸಿ, ನಾನು ಒಪ್ಪಲ್ಲ. ನೀವೆಲ್ಲ ಕೆಲಸ ಇರೋರು, ಸಂಬಳದಲ್ಲಿ ಉಳಿಸಿ ಅರ್ಧ ಆಟ ಮಾಡಬಹುದು. ನಮ್ಮಂಥ ಸ್ಟೂಡೆಂಟ್ಸ್ ಹತ್ರ ಐಡಿಯಾ ಇದೆ, ಕಲಿತಿದ್ದು ಇದೆ, ಒಳ್ಳೆ ಲ್ಯಾಪ್‌ಟಾಪ್ ಕೂಡ ಇಲ್ಲ. ಮುಗಿಸೋಕೆ ಮಾತ್ರ ಕೇಳಿ ಅಂದ್ರೆ ದುಡ್ಡಿರೋರು ಮಾತ್ರ ಶುರು ಮಾಡಿ ಅಂದಂಗಾಯ್ತಲ್ವಾ? ಪಬ್ಲಿಷರ್ ಡೆಮೋ ಕೇಳ್ತಾರೆ, ಸರ್ಕಾರ ಕಂಪನಿ ರಿಜಿಸ್ಟ್ರೇಷನ್ ಕೇಳುತ್ತೆ, ಬ್ಯಾಂಕಂತೂ ಗೇಮಿಗೆ ಲೋನ್ ಕೊಡೋದೇ ಇಲ್ಲ. ಈಗ ಕ್ರೌಡೂ ಬೇಡ ಅಂದ್ರೆ ಶುರು ಎಲ್ಲಿಂದ ಆಗ್ಬೇಕು? ಲೂಸಿಯಾ ಸಿನಿಮಾಗೆ ಪವನ್ ಕುಮಾರ್ ಅವ್ರು ಜನರಿಂದ ಅರ್ಧ ಕೋಟಿ ಹತ್ರ ಎತ್ತಿದ್ರಲ್ಲ, ಆಗ ಸಿನಿಮಾ ಮುಗಿದಿತ್ತಾ? 1976ರ ಮಂಥನ್ ಸಿನಿಮಾಗೆ ಗುಜರಾತಿನ 5 ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ರು, ಅವರೂ ಏನೂ ನೋಡಿ ಕೊಟ್ಟಿರಲಿಲ್ಲ. ಜನ ನಂಬ್ತಾರೆ, ನಂಬಿಕೆ ಉಳಿಸ್ಕೊಳ್ಳೋ ಜವಾಬ್ದಾರಿ ನಮ್ದು ಅಷ್ಟೇ.

ಕೊಥ್ರೂಡ್_ಪಿಕ್ಸೆಲ್ (ಪುಣೆ)

ಒಳ್ಳೆ ಪ್ರಶ್ನೆ ತಮ್ಮ, ಇದಕ್ಕೆ ಸರಿಯಾಗಿ ಉತ್ತರ ಕೊಡ್ಬೇಕು. ಸಿನಿಮಾಗೂ ಗೇಮಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಿನಿಮಾದಲ್ಲಿ ಸ್ಕ್ರಿಪ್ಟ್ ರೆಡಿ ಇದ್ರೆ ಎಷ್ಟು ದಿನ ಶೂಟಿಂಗ್, ಎಷ್ಟು ಜನ, ಕ್ಯಾಮೆರಾ ಬಾಡಿಗೆ ಎಷ್ಟು ಅಂತ ಅನುಭವ ಇರೋರು ಹತ್ತಿರ ಹತ್ತಿರ ಲೆಕ್ಕ ಹಾಕ್ತಾರೆ. ಗೇಮಲ್ಲಿ ಸ್ಕ್ರಿಪ್ಟ್ ಇದ್ರೂ ಆಡೋಕೆ ಮಜಾ ಬರುತ್ತಾ ಅನ್ನೋದು ಮಾಡಿ ನೋಡೋವರೆಗೂ ಗೊತ್ತಾಗಲ್ಲ. ನಮ್ಮ ಗೇಮಲ್ಲೇ ಹೋಟೆಲ್ ಒಳಗಿನ ಓಡಾಟ ಪೂರ್ತಿ ಕಿತ್ತು ಹಾಕಿ ಮತ್ತೆ ಮಾಡಿದೀವಿ, ಮೊದಲು ಮಾಡಿದ್ದು ನೋಡೋಕೆ ಚೆನ್ನಾಗಿತ್ತು, ಆಡೋಕೆ ಬೇಜಾರಾಗ್ತಿತ್ತು. ಜನರಿಗೆ ಆಗ್ಲೇ ಮಾತು ಕೊಟ್ಟಿದ್ರೆ ಅದನ್ನ ಕಿತ್ತು ಹಾಕೋ ಧೈರ್ಯ ಬರ್ತಿತ್ತಾ ಅಂತ ಯೋಚ್ನೆ ಮಾಡು.

ಮತ್ತೆ ಮುಗಿಸೋಕೆ ಅಂದ್ರೆ 90 ಪರ್ಸೆಂಟ್ ಆಗಿರ್ಬೇಕು ಅಂತಲ್ಲ. ಹತ್ತು ಹದಿನೈದು ನಿಮಿಷ ಆಡೋ ಒಂದು ತುಂಡು, ಆಟದ ಮುಖ್ಯ ಮಜಾ ಏನು ಅಂತ ಅದರಲ್ಲಿ ಗೊತ್ತಾಗ್ಬೇಕು. ಕಾಲೇಜಲ್ಲಿ ಇದ್ಕೊಂಡೇ, ಫ್ರೀ ಇರೋ ಎಂಜಿನಲ್ಲಿ ಇಬ್ರು ಮೂವರು ಸೇರಿ ಮಾಡಬಹುದು. ಅದನ್ನ ಜನರ ಕೈಲಿ ಆಡಿಸಿ, ಆಮೇಲೆ ಕೇಳಿ.

ಡೊಂಬಿವಲಿ_ಲೋಕಲ್

ತಮ್ಮನ ಮಾತಲ್ಲಿಯೂ ಸತ್ಯ ಉಂಟು, ಸುಮ್ನೆ ತಳ್ಳಿ ಹಾಕ್ಬೇಡಿ. ಆದ್ರೆ ಅನುಭವ ಇದ್ದವ್ರೇ ಎಡವಿದ್ದನ್ನೂ ನೋಡ್ಬೇಕು. ಮೈಟಿ ನಂಬರ್ 9 ಅಂತ ಆಟ, ಅದರ ಕೆಯ್ಜಿ ಇನಾಫುನೆ ಅಂದ್ರೆ ಮೆಗಾಮ್ಯಾನ್ ಅನ್ನುವ ಪ್ರಸಿದ್ಧ ಆಟದ ಹೆಸರಿನ ಜೊತೆ ಕೇಳಿಬರುವಂಥ ಮನುಷ್ಯ. 2013ರಲ್ಲಿ 9 ಲಕ್ಷ ಡಾಲರ್ ಕೇಳಿ 38 ಲಕ್ಷ ಬಂತು. ಇಷ್ಟು ಬಂದ್ರೆ ಆ ಕನ್ಸೋಲಿಗೂ (ಗೇಮ್ ಆಡುವ ಯಂತ್ರ) ತರ್ತೇವೆ, ಅಷ್ಟು ಬಂದ್ರೆ ಈ ಕನ್ಸೋಲಿಗೂ ತರ್ತೇವೆ ಅಂತ ಮಾತು ಕೊಡ್ತಾ ಹೋದ್ರು, ಮತ್ತೆ ಮತ್ತೆ ಮುಂದೆ ಹೋಗಿ 2016 ಜೂನಿಗೆ ಬಂದ ಆಟ ಯಾರಿಗೂ ಹಿಡಿಸ್ಲಿಲ್ಲ, 3ಡಿಎಸ್ ಮತ್ತೆ ವೀಟಾ ಆವೃತ್ತಿ ಬರ್ಲೇ ಇಲ್ಲ. ಅವ್ರಿಗಾಗಿ ದುಡ್ಡು ಹಾಕಿದ ಮಕ್ಕಳು ಎಷ್ಟು ಬೇಸರ ಪಟ್ಟಿರ್ಬಹುದು ಹೇಳಿ.

ಸ್ಟಾರ್ ಸಿಟಿಜನ್ ಅನ್ನುವ ಆಟದ ಬಗ್ಗೆ ಎಲ್ರಿಗೂ ಗೊತ್ತು, 2012ರಲ್ಲಿ ಶುರು, 2014ಕ್ಕೆ ಕೊಡ್ತೇವೆ ಅಂದದ್ದು, ಈಗ ಜನರಿಂದ ಬಂದ ದುಡ್ಡು 80 ಕೋಟಿ ಡಾಲರ್ ದಾಟಿದೆ, ಪೂರ್ತಿ ಆಟ ಇನ್ನೂ ಬರ್ಲಿಲ್ಲ. ದುಡ್ಡು ಬರುವುದು ನಿಲ್ಲದಿದ್ರೆ ಆಟ ಮುಗಿಸುವ ಅವಸರವೂ ಇರುವುದಿಲ್ಲ ಅಂತ ನನಗೆ ಅದನ್ನು ನೋಡಿ ಅನ್ನಿಸ್ತದೆ.

ವಾಸ್ಕೋ_ಅಲೆ (ಗೋವಾ)

ನಾನೂ ಬರೀಲೇಬೇಕು. ನಾನೊಂದು ಗೇಮಿಗೆ ದುಡ್ಡು ಹಾಕಿದ್ದೆ, ಹೆಸರು ಬೇಡ, ಆರ್ಟ್‌ಬುಕ್ ಮತ್ತೆ ಟೀಶರ್ಟ್ ಬರುತ್ತೆ ಅಂತ ಜಾಸ್ತಿ ದುಡ್ಡಿನ ಸ್ಲ್ಯಾಬ್ ತಗೊಂಡಿದ್ದೆ. ಗೇಮ್ ಬಂತು ಚೆನ್ನಾಗೇ ಇತ್ತು, ಪಾರ್ಸೆಲ್ಲಿಗೆ ಕಾದೂ ಕಾದೂ ಕೊನೆಗೆ ಬಂದಾಗ ಕಸ್ಟಮ್ಸ್ ಡ್ಯೂಟಿ ಕಟ್ಟಿ ಬಿಡಿಸ್ಕೊಂಡೆ. ನನಗೆ ದುಡ್ಡಿಗಿಂತ ಬೇಜಾರಾಗಿದ್ದು ಬೇರೆ, ಆ ಡೆವಲಪರ್ ಕೊನೆ ಕೊನೆಗೆ ಅಪ್ಡೇಟಲ್ಲಿ ಬರೀ ಪ್ರಿಂಟಿಂಗ್, ಕೊರಿಯರ್, ಟೀಶರ್ಟ್ ಸೈಜು ಇದರ ಬಗ್ಗೇನೇ ಬರೀತಿದ್ದ, ಗೇಮ್ ಮಾಡ್ಬೇಕಾದ ಮನುಷ್ಯ ಪಾರ್ಸೆಲ್ ಕಟ್ತಾ ಕೂತಿದ್ದ. ಒಳ್ಳೆ ಗೇಮ್ ಮಾಡೋರಿಗೇ ಈ ಗತಿ. ಶೋವೆಲ್ ನೈಟ್ ನೋಡಿ, 75 ಸಾವಿರ ಡಾಲರ್ ಕೇಳಿ 3 ಲಕ್ಷ 11 ಸಾವಿರ ಸಿಕ್ತು, ಗೇಮ್ 2014ಕ್ಕೆ ಬಂತು, ಆದ್ರೆ ಸ್ಟ್ರೆಚ್ ಗೋಲ್ ಅಂತ, ಅಂದ್ರೆ ಗುರಿ ಮೀರಿ ದುಡ್ಡು ಬಂದ್ರೆ ಇದನ್ನೂ ಕೊಡ್ತೀವಿ ಅಂತ, ಒಪ್ಕೊಂಡಿದ್ದ ಎಕ್ಸ್‌ಟ್ರಾ ಕಥೆಗಳನ್ನೆಲ್ಲ ಮುಗಿಸೋವಾಗ 2019 ಡಿಸೆಂಬರ್. ಅವ್ರ ಗೇಮ್ ಚೆನ್ನಾಗಿ ಮಾರಾಟ ಆಯ್ತು, ಅದಕ್ಕೆ ಮಾತು ಉಳಿಸ್ಕೊಂಡ್ರು. ಮಾರಾಟ ಆಗ್ದೇ ಇದ್ದಿದ್ರೆ?

ಹಾಲೋ ನೈಟ್ ಕೂಡ ಹಂಗೇ, 2014ರಲ್ಲಿ 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಸಿಕ್ತು, ಅದರಲ್ಲಿ ಸ್ಟ್ರೆಚ್ ಗೋಲ್ ಆಗಿದ್ದ ಹಾರ್ನೆಟ್ ಪಾತ್ರ ಬೆಳೆದೂ ಬೆಳೆದೂ ಸಿಲ್ಕ್‌ಸಾಂಗ್ ಅಂತ ಬೇರೆ ಗೇಮೇ ಆಗಿ 2025 ಸೆಪ್ಟೆಂಬರಲ್ಲಿ ಬಂತು. ಗೇಮ್ ಅದ್ಭುತ, ನಾನು ಬಿಡದೆ ಆಡಿದೀನಿ. ಆದ್ರೆ ಮೊದಲ ಗೇಮ್ ಅಷ್ಟು ದುಡ್ಡು ಮಾಡಿದ್ದಕ್ಕೆ ಅವ್ರಿಗೆ ಅಷ್ಟು ವರ್ಷ ಕೂತು ಮಾಡೋಕಾಯ್ತು, ಎಲ್ರಿಗೂ ಆಗಲ್ಲ.

ಲೆಕ್ಕದಕ್ಕ (ಮುಲುಂಡ್)

ನಾನು ಸಿಎ. ಗೇಮ್ ಆಡೋದು ನನ್ನ ಮಗ, ಆದರೆ ಇಲ್ಲಿ ಯಾರೂ ದುಡ್ಡಿನ ಕಾನೂನು ಮಾತಾಡ್ತಿಲ್ಲ ಅಂತ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

ಮೊದಲನೇ ಮಾತು, ಲಾಭದಲ್ಲಿ ಪಾಲು ಕೊಡ್ತೀವಿ ಅಂತ ಜನರಿಗೆ ಯಾವತ್ತೂ ಹೇಳ್ಬೇಡಿ. ನಮ್ಮ ದೇಶದಲ್ಲಿ ಹೀಗೆ ಸಾರ್ವಜನಿಕರಿಗೆ ಆನ್‌ಲೈನಲ್ಲಿ ಷೇರು ಮಾರೋಕೆ ಅವಕಾಶ ಇಲ್ಲ. ಷೇರು ಮಾರುಕಟ್ಟೆ ನಿಯಂತ್ರಿಸೋ ಸೆಬಿ 2014ರಲ್ಲಿ ಇದರ ಬಗ್ಗೆ ಚರ್ಚಾ ಪತ್ರ ತಂದಿತ್ತು, 2016ರಲ್ಲಿ ಇಂಥ ವೇದಿಕೆಗಳ ಬಗ್ಗೆ ಎಚ್ಚರಿಕೆನೂ ಕೊಟ್ಟಿತು. ಪ್ರೈವೇಟ್ ಕಂಪನಿ ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಷೇರು ಆಫರ್ ಮಾಡಂಗಿಲ್ಲ, ಅದೂ ಹೆಸರು ಹಿಡಿದು ಕರೆದು ಕೊಡ್ಬೇಕು, ಜಾಹೀರಾತು ಹಾಕಂಗಿಲ್ಲ.

ಎರಡನೇದು, ಗೇಮ್ ಕಾಪಿ ಕೊಡ್ತೀವಿ ಅಂತ ದುಡ್ಡು ತಗೊಂಡ್ರೆ ಅದು ದಾನ ಅಲ್ಲ, ಮುಂಗಡ ಮಾರಾಟ. ಜಿಎಸ್‌ಟಿಲಿ ಡಿಜಿಟಲ್ ಗೇಮ್ ಸೇವೆ ಅಡಿ ಬರುತ್ತೆ, ಸೇವೆಗೆ ಮುಂಗಡ ಬಂದಾಗ್ಲೇ ತೆರಿಗೆ ಬೀಳುತ್ತೆ, ಗೇಮ್ ರಿಲೀಸ್ ಆಗೋವರೆಗೆ ಕಾಯಲ್ಲ. ರಿಜಿಸ್ಟ್ರೇಷನ್ ಬೇಕಾಗುತ್ತೆ ಅನ್ನೋ ಮಟ್ಟಕ್ಕೆ ವಹಿವಾಟು ಹೋದ್ರೆ 18 ಪರ್ಸೆಂಟ್. ಅಂದ್ರೆ ಎಲ್ಲ ಸೇರಿ 25 ಲಕ್ಷ ಬಂತು ಅಂದ್ಕೊಳ್ಳಿ, ಅದರಲ್ಲಿ ಸುಮಾರು 3 ಲಕ್ಷ 80 ಸಾವಿರ ತೆರಿಗೆದು. ವಿದೇಶದವರು ಕೊಟ್ಟ ದುಡ್ಡು ರಫ್ತು ಅಂತ ತೋರಿಸೋಕೆ ಬೇರೆ ದಾರಿ ಇದೆ, ಅದಕ್ಕೆ ಕಾಗದ ಪತ್ರ ಮೊದಲೇ ಮಾಡಿಸ್ಬೇಕು. ಮೇಲೆ ವೇದಿಕೆಯವರ ಕಮಿಷನ್, ಕಿಕ್‌ಸ್ಟಾರ್ಟರ್ ಆದ್ರೆ 5 ಪರ್ಸೆಂಟ್, ಪೇಮೆಂಟ್ ಖರ್ಚು ಬೇರೆ 3ರಿಂದ 5. ಐದು ಜನಕ್ಕೆ ತಿಂಗಳಿಗೆ ತಲಾ 40 ಸಾವಿರ ಅಂದ್ರೂ ತಿಂಗಳಿಗೆ 2 ಲಕ್ಷ. ಕೈಗೆ ಸಿಗೋ 19 ಲಕ್ಷದ ಹತ್ರ ಒಂಬತ್ತು ತಿಂಗಳು ಬರುತ್ತೆ, ಪುಣೆ ಬಾಡಿಗೆ ನೋಡಿದ್ರೆ ಅದೂ ಕಷ್ಟ. ಕೆಲಸ ಬಿಡೋ ಮುಂಚೆ ಈ ಲೆಕ್ಕ ಮನೇಲಿ ಎಲ್ಲರ ಮುಂದೆ ಇಟ್ಟು ಮಾತಾಡಿ.

ಹಡಪ್ಸರ್_ಕೋಡ್

ಅಕ್ಕಾರ, ಇಷ್ಟ್ ಸ್ವಚ್ಛ ಯಾರೂ ಹೇಳಿದ್ದಿಲ್ರಿ. ಇನ್ನೊಂದು ಐತಿ, ಕಿಕ್‌ಸ್ಟಾರ್ಟರ್‌ನಾಗ ಭಾರತದಾಗಿನವ್ರು ನೇರ ಕ್ಯಾಂಪೇನ್ ಹಾಕಾಕ ಬರಂಗೇ ಇಲ್ಲ, ಅವರ ದೇಶದ ಪಟ್ಟಿಯೊಳಗ ನಾವಿಲ್ಲ. ಹೊರಗ ಕಂಪನಿ ಇಲ್ಲಾ ಪಾಲುದಾರ ಬೇಕು. ದುಡ್ಡು ಕೊಡೋರ ಕಡೆನೂ ತೊಂದರಿ, 2020ರಿಂದ ಹೊಸಾ ಕಾರ್ಡಿನಾಗ ವಿದೇಶದ ಪೇಮೆಂಟ್ ನಾವೇ ಚಾಲೂ ಮಾಡ್ಕೋಬೇಕು, ಯುಪಿಐ ಅಲ್ಲಿ ನಡ್ಯಂಗಿಲ್ಲ. ನಮ್ಮ ಕನ್ನಡದ ಮಂದಿ ನೂರು ಇನ್ನೂರು ಯುಪಿಐನಾಗ ಪಟ್ ಅಂತ ಕೊಡ್ತಾರ, ಕಾರ್ಡ್ ತಗದು ಡಾಲರ್‌ನಾಗ ಕೊಡೋರು ಎಷ್ಟ್ ಮಂದಿ ಅದಾರ? ನಮ್ಮ ದೇಶದ ಕೆಟ್ಟೋ, ಮಿಲಾಪ್ ಅಂಥಾವು ಹೆಚ್ಚಾಗಿ ದವಾಖಾನಿ ಖರ್ಚಿಗೆ ನಡೀತಾವ. ಒಂದು ಕೂಸಿನ ಆಪರೇಷನ್ ಪಕ್ಕದಾಗ ನಮ್ಮ ಗೇಮ್ ಇಟ್ಟು ದುಡ್ಡು ಕೇಳಾಕ ನನಗಂತೂ ಮನಸು ಬರಂಗಿಲ್ಲ.

ಠಾಣೆ_ಸ್ಟೂಡೆಂಟ್

ರಾಜಿ ಗೇಮ್ ಮಾಡಿದ್ದು ಪುಣೆಯವ್ರೇ ಅಲ್ವಾ, ನಾಡಿಂಗ್ ಹೆಡ್ಸ್ ಕಂಪನಿ? ಅವ್ರು ಕಿಕ್‌ಸ್ಟಾರ್ಟರ್ ಮಾಡಿದ್ರು ಅಂತ ಓದಿದ್ದೆ.

ಕೊಥ್ರೂಡ್_ಪಿಕ್ಸೆಲ್ (ಪುಣೆ)

ಹೌದು, ಮತ್ತೆ ಆ ಕಥೆ ನಾವೆಲ್ಲ ಸರಿಯಾಗಿ ನೋಡ್ಬೇಕು. 2017ರಲ್ಲಿ ಕಿಕ್‌ಸ್ಟಾರ್ಟರ್ ಮಾಡಿದ್ರು, ಗುರಿ ಮುಟ್ಟಲಿಲ್ಲ. ಅಲ್ಲಿ ನಿಯಮ ಏನಂದ್ರೆ ಗುರಿ ಮುಟ್ಟಿದ್ರೆ ಪೂರ್ತಿ, ಇಲ್ಲಾಂದ್ರೆ ಒಂದು ರೂಪಾಯಿನೂ ಇಲ್ಲ, ಹಂಗಾಗಿ ಕೈಗೆ ಏನೂ ಬರಲಿಲ್ಲ. ಆದ್ರೂ ಬಿಡದೆ ಮುಂದುವರಿಸಿದ್ರು, ಪಬ್ಲಿಷರ್ ಸಿಕ್ಕಿದ್ರು, 2020 ಆಗಸ್ಟಲ್ಲಿ ನಿಂಟೆಂಡೋ ಸ್ವಿಚ್‌ಗೆ ಬಂತು, ಆ ವರ್ಷ ದಿ ಗೇಮ್ ಅವಾರ್ಡ್ಸಲ್ಲಿ ಚೊಚ್ಚಲ ಗೇಮ್ ವಿಭಾಗಕ್ಕೆ ನಾಮಿನೇಟ್ ಆಯ್ತು. ಪುಣೆಲಿ ಕೂತು ಮಾಡಿದ ಆಟ ಅಲ್ಲಿವರೆಗೆ ಹೋಯ್ತು ಅಂತ ನಮಗೆಲ್ಲ ಎಷ್ಟು ಬಲ ಬಂತು ಅಂತ ಹೇಳೋಕಾಗಲ್ಲ.

ಕ್ರೌಡ್ ಕೈ ಕೊಟ್ಟಿದ್ದಕ್ಕೆ ಆಟ ಸಾಯಲಿಲ್ಲ, ಯಾಕಂದ್ರೆ ತೋರಿಸೋಕೆ ಅವ್ರ ಹತ್ರ ಆಟ ಇತ್ತು. ಬರೀ ಐಡಿಯಾ ಇಟ್ಕೊಂಡು ಹೋಗಿ ಗುರಿ ತಪ್ಪಿದ್ರೆ ಮುಂದೆ ಪಬ್ಲಿಷರ್ ಹತ್ರ ಹೋಗೋಕೂ ಮುಖ ಇರಲ್ಲ, ಜನರೇ ಬೇಡ ಅಂದ್ರಲ್ಲ ಅಂತಾರೆ.

ಡೊಂಬಿವಲಿ_ಲೋಕಲ್

ಒಂದು ವಿಷಯ ಯಾರೂ ಹೇಳ್ಲಿಲ್ಲ, ದುಡ್ಡು ಹಾಕಿದವನಿಗೆ ಹಕ್ಕು ಏನುಂಟು? ಆಕ್ಯುಲಸ್ ವಿಆರ್ ಹೆಡ್‌ಸೆಟ್ 2012ರಲ್ಲಿ ಜನರ 24 ಲಕ್ಷ ಡಾಲರಿಂದ ಎದ್ದು ನಿಂತದ್ದು, 2014ರಲ್ಲಿ ಫೇಸ್‌ಬುಕ್ 200 ಕೋಟಿ ಡಾಲರಿಗೆ ಖರೀದಿ ಮಾಡಿತು. ಮೊದ್ಲು ನಂಬಿದವ್ರಿಗೆ ಆ ಮಾರಾಟದಲ್ಲಿ ಪಾಲು ಇರ್ಲಿಲ್ಲ. ಲೆಕ್ಕದಲ್ಲಿ ಅದು ಸರಿ, ಅವ್ರು ಷೇರು ಕೊಂಡದ್ದಲ್ಲ. ಆದ್ರೆ ಮನಸ್ಸಿಗೆ ಸರಿ ಅನ್ನಿಸುವುದಿಲ್ಲ. ಪಬ್ಲಿಷರ್ ಆದ್ರೆ ಹಂತ ಹಂತವಾಗಿ ದುಡ್ಡು ಕೊಡ್ತಾನೆ, ಈ ಲೆವೆಲ್ ತೋರಿಸು, ಆಮೇಲೆ ಮುಂದಿನ ಕಂತು ಅಂತಾನೆ. ಜನ ಮಾತ್ರ ಎಲ್ಲ ಒಟ್ಟಿಗೇ ಕೊಟ್ಟು ಸುಮ್ನೆ ಕಾಯ್ತಾರೆ. ಗಣಪತಿ ವರ್ಗಣಿ (ಚಂದಾ) ಎತ್ತಿದ ಮಂಡಳಿಯವ್ರೂ ಜಮಾ ಖರ್ಚು ಬೋರ್ಡಿಗೆ ಹಾಕ್ತಾರೆ, ಗೇಮಿನವ್ರು ಯಾಕೆ ಹಾಕ್ಬಾರ್ದು?

ವಾಸ್ಕೋ_ಅಲೆ (ಗೋವಾ)

ಇದು ನನಗೆ ತುಂಬಾ ಹಿಡಿಸ್ತು. ಪ್ರತಿ ತಿಂಗಳು ಬಂದಿದ್ದೆಷ್ಟು ಹೋಗಿದ್ದೆಷ್ಟು ಅಂತ ಹಾಕಿದ್ರೆ ನಾನು ಲೇಟಾದ್ರೂ ಬೇಜಾರು ಮಾಡ್ಕೊಳಲ್ಲ. ಮಾತಿಲ್ದೇ ಸುಮ್ನಾಗ್ತಾರಲ್ಲ ಅದೇ ಕೊಲ್ಲೋದು.

ಇನ್ನೊಂದು ದಾರಿನೂ ಇದೆ, ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಲ್ಲಿ ಅರ್ಲಿ ಆಕ್ಸೆಸ್, ಅಂದ್ರೆ ಪೂರ್ತಿ ಆಗೋ ಮುಂಚೆನೇ ಗೇಮ್ ಮಾರೋದು. ಲಾರಿಯನ್ ಅನ್ನೋ ಕಂಪನಿಯವ್ರು ಡಿವಿನಿಟಿಯ ಎರಡು ಗೇಮಿಗೆ 2013 ಮತ್ತೆ 2015ರಲ್ಲಿ ಕಿಕ್‌ಸ್ಟಾರ್ಟರ್ ಮಾಡಿದ್ರು, ಬಾಲ್ಡರ್ಸ್ ಗೇಟ್ 3ಕ್ಕೆ ಮಾಡ್ಲಿಲ್ಲ, 2020 ಅಕ್ಟೋಬರಲ್ಲಿ ಮೊದಲ ಭಾಗನ ಅರ್ಲಿ ಆಕ್ಸೆಸಲ್ಲಿ ಮಾರಿ 2023 ಆಗಸ್ಟಲ್ಲಿ ಪೂರ್ತಿ ಕೊಟ್ರು. ದುಡ್ಡು ಕೊಟ್ಟವನಿಗೆ ಅವತ್ತೇ ಆಡೋಕೆ ಏನೋ ಒಂದು ಸಿಗುತ್ತೆ, ಸ್ಟೀಮಲ್ಲಿ ಯುಪಿಐನೂ ನಡೆಯುತ್ತೆ, ಪಾರ್ಸೆಲ್ ತಲೆನೋವಿಲ್ಲ. ಗೇಮ್ ಹಾಕೋಕೆ 100 ಡಾಲರ್, ಮಾರಾಟದಲ್ಲಿ 30 ಪರ್ಸೆಂಟ್ ಅವ್ರು ಇಟ್ಕೊತಾರೆ, ಅದು ಜಾಸ್ತಿನೇ. ಮತ್ತೆ ಕಥೆ ಮುಖ್ಯ ಇರೋ ಗೇಮಿಗೆ ಇದು ಎಷ್ಟು ಹೊಂದುತ್ತೆ ಅಂತ ಯೋಚ್ನೆ ಮಾಡ್ಬೇಕು, ಅರ್ಧ ಕಥೆ ಓದಿಸಿ ಒಂದೂವರೆ ವರ್ಷ ಬಿಟ್ಟು ಇನ್ನರ್ಧ ಅಂದ್ರೆ ಜನ ವಾಪಸ್ ಬರಲ್ಲ.

ಕೊಥ್ರೂಡ್_ಪಿಕ್ಸೆಲ್ (ಪುಣೆ)

ನಮ್ಮದು ಕಥೆ ಗೇಮೇ, ಹಂಗಾಗಿ ಅರ್ಲಿ ಆಕ್ಸೆಸ್ ಬೇಡ ಅಂತ ನನಗನ್ಸುತ್ತೆ. ನಿನ್ನೆ ರಾತ್ರಿ ಟೀಮ್ ಜೊತೆ ಕೂತು ಇದನ್ನೆಲ್ಲ ಓದಿ ಹೇಳ್ದೆ, ಲೆಕ್ಕದಕ್ಕ ಅವರ ಲೆಕ್ಕ ಕೇಳಿ ಕೆಲಸ ಬಿಡ್ತೀನಿ ಅಂತಿದ್ದ ಇಬ್ರೂ ಯೋಚ್ನೆಗೆ ಬಿದ್ರು. ಈಗ ಆಗಿರೋ ಮಾತು ಇಷ್ಟು. ಮೊದಲ ಅಧ್ಯಾಯ, ಅಂದ್ರೆ ಹುಡುಗ ಬಂದು ಹೋಟೆಲ್ ಸೇರಿ ರಾತ್ರಿ ಶಾಲೆಲಿ ಮೊದಲ ದಿನ ಕೂರೋವರೆಗೆ, ನಮ್ಮದೇ ದುಡ್ಡಲ್ಲಿ ಮುಗಿಸಿ ಫ್ರೀಯಾಗಿ ಬಿಡ್ತೀವಿ. ಜನ ಆಡಿ ಇಷ್ಟಪಟ್ರೆ ಮಾತ್ರ ಉಳಿದಿದ್ದಕ್ಕೆ ದುಡ್ಡು ಕೇಳ್ತೀವಿ, ಅದೂ ದನಿ ರೆಕಾರ್ಡಿಂಗ್, ಸಂಗೀತ ಮತ್ತೆ ಟೆಸ್ಟಿಂಗ್ ಈ ಮೂರಕ್ಕೆ, ಸಂಬಳಕ್ಕಲ್ಲ. ಟೀಶರ್ಟ್ ಇಲ್ಲ, ಆರ್ಟ್‌ಬುಕ್ ಪಿಡಿಎಫ್ ಮಾತ್ರ. ಸ್ಟ್ರೆಚ್ ಗೋಲ್ ಒಂದೂ ಇಲ್ಲ, ದುಡ್ಡು ಜಾಸ್ತಿ ಬಂದ್ರೆ ಆಟ ದೊಡ್ಡದಾಗಲ್ಲ, ಕಲಾವಿದರಿಗೆ ಜಾಸ್ತಿ ಕೊಡ್ತೀವಿ. ತಿಂಗಳ ಜಮಾ ಖರ್ಚು ಎಲ್ರಿಗೂ ಕಾಣೋ ಹಂಗೆ ಹಾಕ್ತೀವಿ.

ಠಾಣೆ_ಸ್ಟೂಡೆಂಟ್

ಹದಿನೈದು ನಿಮಿಷದ ಡೆಮೋ ಬಗ್ಗೆ ನೀವು ಹೇಳಿದ್ದು ಒಪ್ತೀನಿ ಅಣ್ಣ, ಆದ್ರೆ ಆ ಡೆಮೋ ಮಾಡೋ ಸಮಯದಲ್ಲಿ ಊಟಕ್ಕೆ ಯಾರು ಕೊಡ್ತಾರೆ ಅನ್ನೋ ನನ್ನ ಪ್ರಶ್ನೆ ಹಂಗೇ ಇದೆ. ಸಣ್ಣ ಸಣ್ಣ ಡೆಮೋಗಳಿಗೆ ಅಂತಾನೇ 20, 30 ಸಾವಿರದ ನಿಧಿ ನಮ್ಮ ಸಂಘಗಳು ಯಾಕೆ ಇಡಬಾರದು? ನಾಟಕಕ್ಕೆ, ಯಕ್ಷಗಾನಕ್ಕೆ ಮುಂಬೈ ಕನ್ನಡಿಗರು ಎಷ್ಟು ಖರ್ಚು ಮಾಡ್ತಾರೆ.

ಲೆಕ್ಕದಕ್ಕ (ಮುಲುಂಡ್)

ನೋಂದಣಿ ಆಗಿರೋ ಸಂಘ ತನ್ನ ಬೈಲಾದಲ್ಲಿ ಅವಕಾಶ ಇದ್ರೆ ಕೊಡಬಹುದು ಮಗಾ, ಇದು ನಿಜವಾಗ್ಲೂ ಒಳ್ಳೆ ಯೋಚನೆ. ಒಂದು ಪುಟದಲ್ಲಿ ಬರೆದು ಕಳಿಸು, ಎಷ್ಟು ದುಡ್ಡು, ಯಾವುದಕ್ಕೆ, ಯಾವಾಗ ಏನು ತೋರಿಸ್ತೀಯ ಅಂತ. ನನಗೆ ಗೊತ್ತಿರೋ ಎರಡು ಕಮಿಟಿ ಮುಂದೆ ನಾನೇ ಇಡ್ತೀನಿ.

ಡೊಂಬಿವಲಿ_ಲೋಕಲ್

ಪಿಕ್ಸೆಲ್ ಅವ್ರೆ, ತುಳು ಮಾತಿಗೆ ದನಿ ಬೇಕಾದ್ರೆ ನನ್ನ ದೊಡ್ಡಪ್ಪ ಇದ್ದಾರೆ, ಫೋರ್ಟಲ್ಲಿ ಹೋಟೆಲ್ ಕೆಲಸ ಮಾಡ್ತಾ ರಾತ್ರಿ ಶಾಲೆಲಿ ಕಲಿತವ್ರು. ಅವ್ರಿಗೆ ದುಡ್ಡು ಬೇಡ ಅಂತಾರೆ, ಆದ್ರೆ ನೀವು ಜಮಾ ಖರ್ಚಲ್ಲಿ ಅವ್ರ ಸಂಭಾವನೆ ಬರೆದು ಕೊಟ್ಟೇ ಕೊಡ್ಬೇಕು. ಭಾನುವಾರ ಬೆಳಿಗ್ಗೆ ಆದ್ರೆ ಮನೆಗೆ ಬನ್ನಿ, ಮೈಕ್ ನೀವೇ ತನ್ನಿ.